ಒಂದೇ ಸ್ಟಾಕ್‌ಫಿಶ್, ಮೂರು ಕಂಪ್ಯೂಟರ್: ಹೊಸ ಲ್ಯಾಪ್‌ಟಾಪಿನಲ್ಲೇ ವೇಗ ಕಡಿಮೆ ಬರುತ್ತಿರುವುದೇಕೆ?

ಕರಿಕುದುರೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮ ಚದುರಂಗ ಕೂಟದಲ್ಲಿ ಭಾನುವಾರ ಮಕ್ಕಳು ಆಡಿದ ಆಟಗಳನ್ನು ರಾತ್ರಿ ಎಂಜಿನ್‌ಗೆ (ಚದುರಂಗ ಆಡುವ ತಂತ್ರಾಂಶಕ್ಕೆ) ಕೊಟ್ಟು ವಿಶ್ಲೇಷಣೆ ಮಾಡಿಸಿ, ಮುಂದಿನ ವಾರ ಅವರಿಗೆ ತೋರಿಸುವ ಕೆಲಸ ನನ್ನ ಪಾಲಿಗೆ ಬಂದು ಎರಡು ವರ್ಷವಾಯಿತು. ಇದುವರೆಗೆ ಸಿದ್ಧವಾಗಿ ಸಿಗುವ ಸ್ಟಾಕ್‌ಫಿಶ್ ಎಂಬ ಎಂಜಿನ್‌ನ ಕಡತವನ್ನೇ ಇಳಿಸಿಕೊಂಡು ಬಳಸುತ್ತಿದ್ದೆ. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವಾಗ ನಮ್ಮ ಯಂತ್ರಕ್ಕೆ ತಕ್ಕಂತೆ ನಾವೇ ಕಂಪೈಲ್ ಮಾಡಿಕೊಂಡರೆ (ಯಂತ್ರ ಓಡಿಸಬಲ್ಲ ಕಡತವಾಗಿ ಕಟ್ಟಿಕೊಂಡರೆ) ವೇಗ ಹೆಚ್ಚುತ್ತದೆ ಎಂದು ಓದಿ, ಕಳೆದ ವಾರ ಆ ಸಾಹಸಕ್ಕೆ ಕೈ ಹಾಕಿದೆ.

ನನ್ನ ಬಳಿ ಮೂರು ಯಂತ್ರಗಳಿವೆ. ಕೂಟದ ಕೋಣೆಯಲ್ಲಿರುವುದು ಇಂಟೆಲ್ ಕೋರ್ ಐ5-4590 ಇರುವ ಡೆಸ್ಕ್‌ಟಾಪ್; ಅದು 2014ರ ಪ್ರೊಸೆಸರ್. ನನ್ನ ಲ್ಯಾಪ್‌ಟಾಪಿನಲ್ಲಿರುವುದು 2019ರ ಎಎಂಡಿ ರೈಜೆನ್ 5 3500ಯು. ಮನೆಯಲ್ಲಿ ಲೆಕ್ಕಪತ್ರಕ್ಕೆಂದು ಕೊಂಡ ಮೂರನೆಯದರಲ್ಲಿ 2018ರ ಪೆಂಟಿಯಮ್ ಗೋಲ್ಡ್ ಜಿ5400 ಇದೆ. ಮೂರರಲ್ಲೂ ಲಿನಕ್ಸ್ ಇದೆ. ಡೆಸ್ಕ್‌ಟಾಪಿನಲ್ಲಿ ‘ಪ್ರೊಫೈಲ್-ಬಿಲ್ಡ್’ ಗುರಿಯನ್ನು ಕೊಟ್ಟು, ಆರ್ಕಿಟೆಕ್ಚರ್ ಜಾಗದಲ್ಲಿ ಬಿಎಂಐ2 ಎಂದು ಬರೆದು ಕಂಪೈಲ್ ಮಾಡಿದೆ. ಇವೆಲ್ಲ ಪ್ರೊಸೆಸರಿಗೆ ಗೊತ್ತಿರುವ ಸೂಚನೆಗಳ ಗುಂಪುಗಳ ಹೆಸರು; ಪಟ್ಟಿಯಲ್ಲಿ ಅದು ಎವಿಎಕ್ಸ್2ಗಿಂತ ಮುಂದಿನದಾಗಿ ಕಂಡದ್ದರಿಂದ ಅದನ್ನೇ ಆರಿಸಿಕೊಂಡೆ. ಆಮೇಲೆ ಅದೇ ಕಡತವನ್ನು ಪೆನ್‌ಡ್ರೈವಿನಲ್ಲಿ ಉಳಿದೆರಡಕ್ಕೂ ಒಯ್ದೆ.

ಡೆಸ್ಕ್‌ಟಾಪಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಐದು ವರ್ಷ ಹೊಸದಾದ ಲ್ಯಾಪ್‌ಟಾಪಿನಲ್ಲಿ ವೇಗ ಅಳೆಯುವ ‘ಬೆಂಚ್’ ಆದೇಶ ಕೊಟ್ಟಾಗ ಸೆಕೆಂಡಿಗೆ ಹುಡುಕುವ ನೋಡ್‌ಗಳ (ಎಂಜಿನ್ ನೋಡುವ ಸ್ಥಿತಿಗಳ) ಸಂಖ್ಯೆ ಡೆಸ್ಕ್‌ಟಾಪಿಗಿಂತ ಎಷ್ಟೋ ಕಡಿಮೆ ಬಂದಿತು. ಪೆಂಟಿಯಮ್‌ನಲ್ಲಂತೂ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಒಂದೇ ಸಾಲು ಕಾಣಿಸಿ ಎಂಜಿನ್ ನಿಂತುಹೋಯಿತು. ಹಳೆಯದು ಓಡುತ್ತದೆ, ಹೊಸದು ಕುಂಟುತ್ತದೆ, ಇನ್ನೊಂದು ಏಳುವುದೇ ಇಲ್ಲ. ತಪ್ಪು ನನ್ನದೇ ಇರಬೇಕೆಂದು ಗೊತ್ತು, ಎಲ್ಲಿ ಎಂದು ಗೊತ್ತಾಗುತ್ತಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬಿಳಿಮಂತ್ರಿ (ಮ್ಯೂನಿಕ್)

ಕರಿಕುದುರೆ ಅವರೇ, ಮಿಕ್ಕ ಚರ್ಚೆಗೆ ಮೊದಲು ಒಂದು ಪ್ರಶ್ನೆ. ಬೆಂಚ್ ಮುಗಿದಾಗ ಕೊನೆಯಲ್ಲಿ ಮೂರು ಸಾಲುಗಳು ಬರುತ್ತವೆ: ಒಟ್ಟು ಸಮಯ, ಹುಡುಕಿದ ನೋಡ್‌ಗಳು, ಸೆಕೆಂಡಿಗೆ ನೋಡ್‌ಗಳು. ಎಲ್ಲರೂ ಮೂರನೆಯ ಸಾಲನ್ನೇ ನೋಡುತ್ತಾರೆ. ನಿಮ್ಮ ಎರಡೂ ಯಂತ್ರಗಳಲ್ಲಿ ಎರಡನೆಯ ಸಾಲಿನ ಸಂಖ್ಯೆ ಕೊನೆಯ ಅಂಕಿಯವರೆಗೂ ಒಂದೇ ಆಗಿದೆಯೇ?

ಕರಿಕುದುರೆ (ಹಾಸನ)

ಹೌದು ಮೇಡಂ, ಈಗ ನೋಡಿದೆ. ಸಮಯ ಬೇರೆ, ನೋಡ್‌ಗಳ ಒಟ್ಟು ಸಂಖ್ಯೆ ಎರಡರಲ್ಲೂ ಒಂದೇ.

ಆನೆಬಲ (ಬೆಂಗಳೂರು)

ಹಾಗಾದರೆ ನಿಮ್ಮ ಕಂಪೈಲ್ ಸರಿಯಾಗಿದೆ, ಆ ಭಯ ಬೇಡ. ಬೆಂಚ್ ಎಂದರೆ ಎಂಜಿನ್‌ನೊಳಗೇ ಸೇರಿಸಿಟ್ಟಿರುವ ಸುಮಾರು ಐವತ್ತು ಸ್ಥಿತಿಗಳನ್ನು ನಿಗದಿಯಾದ ಆಳದವರೆಗೆ ಹುಡುಕುವ ಕೆಲಸ. ಬೇರೇನೂ ಹೇಳದಿದ್ದರೆ ಅದು 16 ಎಂಬಿ ಹ್ಯಾಶ್ (ಈಗಾಗಲೇ ನೋಡಿದ ಸ್ಥಿತಿಗಳನ್ನು ನೆನಪಿಡುವ ಕೋಷ್ಟಕ), ಒಂದು ಥ್ರೆಡ್ (ಕೆಲಸದ ಎಳೆ), 13ರ ಆಳವನ್ನು ತೆಗೆದುಕೊಳ್ಳುತ್ತದೆ. ಒಂದೇ ಥ್ರೆಡ್ ಇರುವುದರಿಂದ ಒಂದೇ ಆವೃತ್ತಿಯ ಕೋಡ್ ಯಾವ ಯಂತ್ರದಲ್ಲಿ ಓಡಿದರೂ ಅದೇ ಹಾದಿಯಲ್ಲಿ ನಡೆದು ಅಷ್ಟೇ ನೋಡ್‌ಗಳನ್ನು ಮುಟ್ಟಬೇಕು. ಒಂದು ನೋಡ್ ಹೆಚ್ಚಾದರೂ ಕಡಿಮೆಯಾದರೂ ಅದು ಬೇರೆ ಎಂಜಿನ್ ಎಂದೇ ಲೆಕ್ಕ. ಸ್ಟಾಕ್‌ಫಿಶ್ ಅಭಿವೃದ್ಧಿಪಡಿಸುವವರು ಆಟದ ರೀತಿಯನ್ನು ಬದಲಿಸುವ ಪ್ರತಿ ತಿದ್ದುಪಡಿಯ ಟಿಪ್ಪಣಿಯ ಕೊನೆಯಲ್ಲಿ ಈ ಸಂಖ್ಯೆಯನ್ನು ಬರೆದಿಡುವುದು ಅದಕ್ಕಾಗಿಯೇ. ಅದನ್ನು ರುಜು ಎಂದುಕೊಳ್ಳಿ. ರುಜು ಹೊಂದದೆ ವೇಗವನ್ನು ಹೋಲಿಸುವುದು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಅಕ್ಕಿಯನ್ನು ಹೋಲಿಸಿದಂತೆ.

ಈಗ ನಿಮ್ಮ ಲ್ಯಾಪ್‌ಟಾಪಿನ ಸಂಗತಿ. ಚದುರಂಗದ ಮಣೆಯಲ್ಲಿ 64 ಮನೆಗಳಿವೆ, ಪ್ರೊಸೆಸರಿನ ರಿಜಿಸ್ಟರಿನಲ್ಲಿ 64 ಬಿಟ್‌ಗಳಿವೆ. ಈ ಹೊಂದಾಣಿಕೆಯ ಮೇಲೆಯೇ ಇಂದಿನ ಹೆಚ್ಚಿನ ಎಂಜಿನ್‌ಗಳು ನಿಂತಿವೆ. ಆನೆ ಅಥವಾ ಒಂಟೆ ಒಂದು ಮನೆಯಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದು ದಾರಿಯಲ್ಲಿ ಯಾವ ಮನೆಗಳು ತುಂಬಿವೆ ಎಂಬುದನ್ನು ಅವಲಂಬಿಸುತ್ತದೆ. ಅದನ್ನು ಪ್ರತಿ ಸಲ ಲೆಕ್ಕ ಹಾಕುವ ಬದಲು ಎಂಜಿನ್ ಶುರುವಾದಾಗಲೇ ಉತ್ತರಗಳ ಕೋಷ್ಟಕ ಮಾಡಿಟ್ಟುಕೊಳ್ಳುತ್ತದೆ. ಸ್ಟಾಕ್‌ಫಿಶ್‌ನಲ್ಲಿ ಆನೆಗೆ 1,02,400 ಮತ್ತು ಒಂಟೆಗೆ 5,248 ನಮೂದುಗಳಿವೆ. ಈ ಕೋಷ್ಟಕದಲ್ಲಿ ಸರಿಯಾದ ಸಾಲನ್ನು ಹುಡುಕಲು ಎರಡು ದಾರಿಗಳುಂಟು. ಹಳೆಯ ದಾರಿಯಲ್ಲಿ ತುಂಬಿದ ಮನೆಗಳ ಬಿಟ್‌ಗಳನ್ನು ಒಂದು ‘ಮ್ಯಾಜಿಕ್’ ಸಂಖ್ಯೆಯಿಂದ ಗುಣಿಸಿ ಪಕ್ಕಕ್ಕೆ ಸರಿಸುತ್ತಾರೆ. ಹೊಸ ದಾರಿಯಲ್ಲಿ ‘ಪೆಕ್ಸ್ಟ್’ ಎಂಬ ಒಂದೇ ಸೂಚನೆ ಬೇಕಾದ ಬಿಟ್‌ಗಳನ್ನು ಹೆಕ್ಕಿ ಒಟ್ಟಿಗೆ ಜೋಡಿಸಿಕೊಡುತ್ತದೆ. ಬಿಎಂಐ2 ಎಂದು ಬರೆದು ಕಂಪೈಲ್ ಮಾಡಿದರೆ ಎಂಜಿನ್ ಈ ಎರಡನೆಯ ದಾರಿಯನ್ನು ಹಿಡಿಯುತ್ತದೆ.

ಇಂಟೆಲ್‌ನವರು ನಿಮ್ಮ ಐ5 ಸೇರಿದ 2013ರ ಹ್ಯಾಸ್‌ವೆಲ್ ಪೀಳಿಗೆಯಿಂದಲೇ ಪೆಕ್ಸ್ಟ್‌ಗೆ ಪ್ರತ್ಯೇಕ ವಿದ್ಯುನ್ಮಂಡಲ ಕೊಟ್ಟಿದ್ದಾರೆ. ಅಲ್ಲಿ ಉತ್ತರ ಬರಲು ಮೂರು ಗಡಿಯಾರ ಬಡಿತ ಸಾಕು. ಎಎಂಡಿಯ ಝೆನ್, ಝೆನ್+, ಝೆನ್ 2 ಪೀಳಿಗೆಗಳು ಪೆಕ್ಸ್ಟ್ ಗೊತ್ತಿದೆ ಎಂದು ಹೇಳಿಕೊಳ್ಳುತ್ತವೆ, ಒಳಗೆ ಮಾತ್ರ ಮೈಕ್ರೋಕೋಡ್ (ಚಿಪ್ಪಿನೊಳಗಿನ ಪುಟ್ಟ ಪ್ರೋಗ್ರಾಂ) ಮೂಲಕ ತುಂಡು ತುಂಡಾಗಿ ಮಾಡುತ್ತವೆ. ಹೆಕ್ಕಬೇಕಾದ ಬಿಟ್‌ಗಳು ಹೆಚ್ಚಾದಷ್ಟೂ ನಿಧಾನ. 2020ರ ಝೆನ್ 3ರಲ್ಲಿ ಅದು ಸರಿಹೋಯಿತು. ನಿಮ್ಮ 3500ಯು ಹೆಸರಿನಲ್ಲಿ ಮೂರು ಸಾವಿರ ಇದ್ದರೂ ಅದರೊಳಗಿರುವುದು ಝೆನ್+. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಎವಿಎಕ್ಸ್2 ಎಂದು ಬರೆದು ಮತ್ತೊಮ್ಮೆ ಕಂಪೈಲ್ ಮಾಡಿ. ಇನ್ನೂ ಒಳ್ಳೆಯದೆಂದರೆ ‘ನೇಟಿವ್’ ಎಂದು ಬರೆಯುವುದು: ಪ್ರೊಸೆಸರನ್ನು ಗುರುತಿಸುವ ಸ್ಕ್ರಿಪ್ಟ್ ಝೆನ್ 1, 2ರ ಈ ದೌರ್ಬಲ್ಯವನ್ನು ಬಲ್ಲದು, ಅಲ್ಲಿ ಬಿಎಂಐ2ವನ್ನು ತಾನಾಗಿಯೇ ಬಿಡುತ್ತದೆ. ಪಟ್ಟಿಯಲ್ಲಿ ಮೇಲಿರುವುದು ಉತ್ತಮ ಎಂಬ ಊಹೆ ನನ್ನನ್ನೂ ಒಮ್ಮೆ ಇಡೀ ತಿಂಗಳು ದಾರಿ ತಪ್ಪಿಸಿತ್ತು.

ಪೆಂಟಿಯಮ್‌ನದು ಇನ್ನೂ ಸರಳ. ಆ ಕಾಲದ ಪೆಂಟಿಯಮ್ ಮತ್ತು ಸೆಲೆರಾನ್ ಹೆಸರಿನ ಪ್ರೊಸೆಸರ್‌ಗಳಲ್ಲಿ ಇಂಟೆಲ್ ಎವಿಎಕ್ಸ್ ಸೂಚನೆಗಳನ್ನೇ ಕೊಟ್ಟಿರಲಿಲ್ಲ. 2014ರ ಐ5ನಲ್ಲಿ ಎವಿಎಕ್ಸ್2 ಇದೆ, 2018ರ ಪೆಂಟಿಯಮ್ ಗೋಲ್ಡ್‌ನಲ್ಲಿ ಇಲ್ಲ. ಇದು ಬೆಲೆಯ ಅಂತರ ಉಳಿಸಿಕೊಳ್ಳಲು ಮಾಡಿದ ವ್ಯಾಪಾರ, ತಂತ್ರಜ್ಞಾನದ ಮಿತಿಯಲ್ಲ ಎಂದು ನನ್ನ ಅಭಿಪ್ರಾಯ. ಗೊತ್ತಿಲ್ಲದ ಸೂಚನೆ ಎದುರಾದ ಕೂಡಲೇ ಪ್ರೊಸೆಸರ್ ಕೈಚೆಲ್ಲುತ್ತದೆ, ನಿಮಗೆ ಆ ಒಂದು ಸಾಲು ಕಾಣುತ್ತದೆ. ಅಲ್ಲಿ ‘ಎಸ್‌ಎಸ್‌ಇ41-ಪಾಪ್‌ಕೌಂಟ್’ ಎಂಬ ಗುರಿಯನ್ನು ಬಳಸಿ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದು ಕೊಟ್ಟರೆ ಬರುವ ಫ್ಲ್ಯಾಗ್‌ಗಳ ಸಾಲಿನಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಕಣ್ಣಾರೆ ನೋಡಬಹುದು.

ಪೇದೆ64 (ಧಾರವಾಡ)

ಆನೆಬಲ ಅವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ‘ಪ್ರೊಫೈಲ್-ಬಿಲ್ಡ್’ ನಾಲ್ಕು ಹಂತಗಳಲ್ಲಿ ನಡೆಯುತ್ತದೆ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. ಮೊದಲು ಅಳತೆಯ ಗುರುತುಗಳಿರುವ ಎಂಜಿನ್ ತಯಾರಾಗುತ್ತದೆ, ಅನಂತರ ಅದು ಬೆಂಚ್ ಓಡಿಸಿ ಕೋಡಿನ ಯಾವ ಕವಲನ್ನು ಎಷ್ಟು ಸಲ ಹಿಡಿಯಿತು ಎಂದು ಬರೆದುಕೊಳ್ಳುತ್ತದೆ, ಆ ಲೆಕ್ಕವನ್ನು ನೋಡಿಕೊಂಡು ಕಂಪೈಲರ್ ಎರಡನೆಯ ಸಲ ಕಟ್ಟುತ್ತದೆ, ಕೊನೆಗೆ ಲೆಕ್ಕದ ಕಡತಗಳನ್ನು ಅಳಿಸುತ್ತದೆ. ಎರಡನೆಯ ಹಂತದಲ್ಲಿ ಎಂಜಿನ್ ನಿಜವಾಗಿ ಓಡಬೇಕಾದ್ದರಿಂದ, ಪೆಂಟಿಯಮ್‌ನಲ್ಲಿ ಕುಳಿತು ಎವಿಎಕ್ಸ್2 ಆವೃತ್ತಿಯನ್ನು ಹೀಗೆ ತಯಾರಿಸಲು ಆಗುವುದಿಲ್ಲ. ಬರಿಯ ‘ಬಿಲ್ಡ್’ ಮಾತ್ರ ಸಾಧ್ಯ.

ಕ್ಲ್ಯಾಂಗ್ ಎಂಬ ಕಂಪೈಲರ್ ಬಳಸುವವರಿಗೆ ಒಂದು ಎಚ್ಚರಿಕೆ: ಮೂರನೆಯ ಹಂತದ ಬಾಗಿಲಲ್ಲಿ ‘ಎಲ್‌ಎಲ್‌ವಿಎಂ-ಪ್ರೊಫ್‌ಡೇಟಾ ಸಿಗಲಿಲ್ಲ’ ಎಂದು ನಿಂತರೆ ಎಲ್‌ಎಲ್‌ವಿಎಂ ಪೊಟ್ಟಣವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಜಿಸಿಸಿ ಕಂಪೈಲರಿನಲ್ಲಿ ಈ ತೊಂದರೆ ಇಲ್ಲ.

ನನ್ನ ಬಳಿ ಇರುವುದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಅದರಲ್ಲಿ ಅದರ ಪ್ರೊಸೆಸರಿಗೆ ತಕ್ಕ ಎಆರ್‌ಎಂವಿ8 ಎಂಬ ಗುರಿ ಕೊಟ್ಟರೂ ಕಂಪೈಲರ್ ಒಂದೇ ಸಮನೆ ತಪ್ಪುಗಳನ್ನು ಉಗುಳುತ್ತಿತ್ತು. ‘ಯುನೇಮ್’ ಕೇಳಿದರೆ 64 ಬಿಟ್ ಎಂದೇ ಉತ್ತರ. ಎರಡು ಸಂಜೆ ಕಳೆದ ಮೇಲೆ ‘ಗೆಟ್‌ಕಾನ್ಫ್ ಲಾಂಗ್‌ಬಿಟ್’ ಎಂದು ಕೇಳಿದೆ, 32 ಎಂದಿತು. ಕರ್ನಲ್ ಮಾತ್ರ 64 ಬಿಟ್‌ನದು, ಮೇಲಿನ ವ್ಯವಸ್ಥೆ, ಕಂಪೈಲರ್ ಎಲ್ಲವೂ 32 ಬಿಟ್‌ನವು. ಕಾರ್ಡನ್ನು ಅಳಿಸಿ 64 ಬಿಟ್ ವ್ಯವಸ್ಥೆಯನ್ನು ಬರೆದ ಮೇಲೆ ಮೊದಲ ಪ್ರಯತ್ನದಲ್ಲೇ ಆಯಿತು. ಪೈ 5 ಇರುವವರು ‘ಎಆರ್‌ಎಂವಿ8-ಡಾಟ್‌ಪ್ರಾಡ್’ ಎಂದು ಕೊಡಬಹುದು, ಅದರ ಕಾರ್ಟೆಕ್ಸ್-ಎ76ಕ್ಕೆ ಆ ಸೂಚನೆ ಗೊತ್ತು. ಪೈ 4ರ ಎ72ಕ್ಕೆ ಗೊತ್ತಿಲ್ಲ.

ಕರಿಕುದುರೆ (ಹಾಸನ)

ಆನೆಬಲ ಅವರೇ, ತಮ್ಮ ಸೂಚನೆಯಂತೆ ಲ್ಯಾಪ್‌ಟಾಪಿನಲ್ಲಿ ‘ನೇಟಿವ್’ ಎಂದು ಕೊಟ್ಟೆ; ಅದು ತಾನಾಗಿ ಎವಿಎಕ್ಸ್2ವನ್ನು ಆರಿಸಿಕೊಂಡಿತು. ಆದರೆ ಬೆಂಚ್ ಓಡಿಸಿದರೆ ವೇಗ ಮೊದಲಿಗಿಂತಲೂ ಕಡಿಮೆ! ಅಷ್ಟೇ ಅಲ್ಲ, ತಾವು ರುಜು ಎಂದು ಕರೆದ ಸಂಖ್ಯೆಯೂ ಬೇರೆಯಾಗಿದೆ. ಸೋರ್ಸ್ ಕೋಡ್ ಇರುವ ಫೋಲ್ಡರನ್ನು ಪೆನ್‌ಡ್ರೈವಿನಿಂದಲೇ ನಕಲು ಮಾಡಿದ್ದು, ಅದರಲ್ಲಿ ಒಂದಕ್ಷರವನ್ನೂ ಮುಟ್ಟಿಲ್ಲ.

ಆನೆಬಲ (ಬೆಂಗಳೂರು)

ಬೆಂಚ್ ಓಡಿಸಲು ಟರ್ಮಿನಲ್‌ನಲ್ಲಿ ಏನೆಂದು ಬರೆದಿರಿ? ಹೆಸರಿಗೆ ಮೊದಲು ಚುಕ್ಕೆ ಮತ್ತು ಓರೆಗೆರೆ (ಈ ಫೋಲ್ಡರಿನಲ್ಲಿರುವುದನ್ನೇ ಓಡಿಸು ಎಂಬ ಗುರುತು) ಇತ್ತೇ? ಎಂಜಿನ್ ಏಳುವಾಗ ಮೊದಲ ಸಾಲಿನಲ್ಲಿ ತನ್ನ ಆವೃತ್ತಿಯನ್ನು ಹೇಳುತ್ತದೆ, ಅದನ್ನು ಓದಿ. ಬಳಿಕ ಎಂಜಿನ್‌ನೊಳಗೆ ‘ಕಂಪೈಲರ್’ ಎಂಬ ಆದೇಶ ಕೊಡಿ. ಯಾವ ಕಂಪೈಲರಿನಿಂದ, ಯಾವ ಸೂಚನಾಸಮೂಹಕ್ಕೆ ಕಟ್ಟಲ್ಪಟ್ಟಿದ್ದೇನೆ ಎಂದು ಅದೇ ಹೇಳುತ್ತದೆ.

ಕರಿಕುದುರೆ (ಹಾಸನ)

ನಾಚಿಕೆಯಾಗುತ್ತಿದೆ. ಬಹಳ ಹಿಂದೆ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿದಾಗ ಅದರ ಭಂಡಾರದಿಂದಲೇ ಸ್ಟಾಕ್‌ಫಿಶ್ ಪೊಟ್ಟಣವನ್ನೂ ಹಾಕಿಕೊಂಡಿದ್ದೆ, ಅದು ‘ಗೇಮ್ಸ್’ ಫೋಲ್ಡರಿನಲ್ಲಿ ಸದ್ದಿಲ್ಲದೆ ಕುಳಿತಿತ್ತು. ಚುಕ್ಕೆ-ಓರೆಗೆರೆ ಬಿಟ್ಟು ಬರೆದದ್ದರಿಂದ ಇಷ್ಟು ಹೊತ್ತು ಓಡುತ್ತಿದ್ದದ್ದು ಆ ಹಳೆಯ ಆವೃತ್ತಿ. ಹೊಸದನ್ನು ಸರಿಯಾಗಿ ಕರೆದಾಗ ರುಜು ಹೊಂದಿತು, ಬಿಎಂಐ2 ಕಡತಕ್ಕಿಂತ ಸ್ಪಷ್ಟವಾಗಿ ವೇಗ ಹೆಚ್ಚಿತು. ಪೆಂಟಿಯಮ್‌ನಲ್ಲೂ ತಾವು ಹೇಳಿದ ಗುರಿಯಿಂದ ಕಂಪೈಲ್ ಆಯಿತು, ಅಲ್ಲಿಯೂ ಅದೇ ರುಜು.

ಆದರೂ ಲ್ಯಾಪ್‌ಟಾಪ್ ಇನ್ನೂ ಹಳೆಯ ಡೆಸ್ಕ್‌ಟಾಪನ್ನು ಹಿಂದೆ ಹಾಕುತ್ತಿಲ್ಲ. ಒಂದೊಂದು ಸಲ ಹತ್ತಿರ ಬರುತ್ತದೆ, ಮುಂದಿನ ಸಲ ಹಿಂದೆ ಬೀಳುತ್ತದೆ.

ಆನೆಬಲ (ಬೆಂಗಳೂರು)

ಹಿಂದೆ ಹಾಕಲಿಕ್ಕಿಲ್ಲ, ಅದಕ್ಕೆ ಕಾರಣ ಇನ್ನೊಂದಿದೆ. 2020ರ ಸೆಪ್ಟೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 12ರಿಂದ ಈಚೆಗೆ ಸ್ಥಿತಿಯ ಬೆಲೆ ಕಟ್ಟುವ ಕೆಲಸವನ್ನು ಎನ್‌ಎನ್‌ಯುಇ ಎಂಬ ನರಜಾಲ ವಹಿಸಿಕೊಂಡಿದೆ. ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು ಎಂಬವರು 2018ರಲ್ಲಿ ರೂಪಿಸಿದ ವಿಧಾನ ಅದು. ಒಂದು ನಡೆಯಿಂದ ಮಣೆಯ ಮೇಲೆ ಬದಲಾಗುವುದು ಎರಡೋ ಮೂರೋ ಮನೆಗಳು ಮಾತ್ರ; ಹಾಗಾಗಿ ಮೊದಲ ಪದರದ ಮೊತ್ತವನ್ನು ಪೂರ್ತಿ ಲೆಕ್ಕ ಹಾಕದೆ, ಹೋದದ್ದನ್ನು ಕಳೆದು ಬಂದದ್ದನ್ನು ಕೂಡಿಸಿದರೆ ಮುಗಿಯಿತು. ಈ ಕೂಡುವುದು ಕಳೆಯುವುದು ಸಾಲುಸಾಲು 16 ಬಿಟ್ ಸಂಖ್ಯೆಗಳ ಮೇಲೆ ನಡೆಯುತ್ತದೆ. ಎವಿಎಕ್ಸ್2 ಇದ್ದರೆ ಒಂದು ಸೂಚನೆಗೆ ಅಂತಹ ಹದಿನಾರು ಸಂಖ್ಯೆಗಳು, ಎಸ್‌ಎಸ್‌ಇ ಮಾತ್ರ ಇದ್ದರೆ ಎಂಟು. ನಿಮ್ಮ ಪೆಂಟಿಯಮ್ ಹಿಂದೆ ಬೀಳುವುದು ಮುಖ್ಯವಾಗಿ ಇಲ್ಲಿಯೇ. ಝೆನ್ ಮತ್ತು ಝೆನ್+ಗಳಲ್ಲಿ ಎವಿಎಕ್ಸ್2 ಸೂಚನೆಗಳು ಇದ್ದರೂ ಒಳಗಿನ ಹಾದಿಯ ಅಗಲ 128 ಬಿಟ್ ಮಾತ್ರ. ಪ್ರತಿ 256 ಬಿಟ್ ಕೆಲಸವೂ ಎರಡಾಗಿ ಸೀಳಿ ಹೋಗುತ್ತದೆ. ಝೆನ್ 2ರಲ್ಲಿ ಆ ಹಾದಿಯನ್ನು ಅಗಲ ಮಾಡಿದರು. ಹೀಗಾಗಿ ಝೆನ್ 2 ಪೆಕ್ಸ್ಟ್‌ನಲ್ಲಿ ಮಾತ್ರ ಸೋಲುತ್ತದೆ, ನಿಮ್ಮದು ಎರಡರಲ್ಲೂ ಸೋಲುತ್ತದೆ. ಜೊತೆಗೆ ಅದು 15 ವ್ಯಾಟ್‌ಗೆಂದು ಮಾಡಿದ ಚಿಪ್ಪು, ಡೆಸ್ಕ್‌ಟಾಪಿನ ಐ5 84 ವ್ಯಾಟ್‌ನದು.

ಒಂದೊಂದು ಸಲ ಒಂದೊಂದು ಉತ್ತರ ಬರುತ್ತಿರುವುದಕ್ಕೆ ಮಾತ್ರ ಅಳೆಯುವ ಕ್ರಮ ಕಾರಣ. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಲ್ಯಾಪ್‌ಟಾಪನ್ನು ಚಾರ್ಜರಿಗೆ ಸಿಕ್ಕಿಸಿ, ಬ್ರೌಸರನ್ನು ಪೂರ್ತಿ ಮುಚ್ಚಿ, ಪ್ರೊಸೆಸರಿನ ವೇಗವನ್ನು ನಿಯಂತ್ರಿಸುವ ಸಿಪಿಯು ಗವರ್ನರನ್ನು ‘ಪರ್ಫಾರ್ಮೆನ್ಸ್’ಗೆ ಇಡುತ್ತೇನೆ. ಮೊದಲ ಓಟದ ಅಂಕಿಯನ್ನು ಎಸೆಯುತ್ತೇನೆ, ಏಕೆಂದರೆ ತಣ್ಣಗಿರುವ ಚಿಪ್ಪು ಮೊದಲ ಅರ್ಧ ನಿಮಿಷ ತನ್ನ ಶಕ್ತಿ ಮೀರಿ ಓಡಿ ಆಮೇಲೆ ಸುಸ್ತಾಗುತ್ತದೆ. ಎರಡು ಕಡತಗಳನ್ನು ಹೋಲಿಸುವಾಗ ಒಂದನ್ನು ಹತ್ತು ಸಲ ಓಡಿಸಿ ಆಮೇಲೆ ಇನ್ನೊಂದನ್ನು ಹತ್ತು ಸಲ ಓಡಿಸಬಾರದು. ಒಂದಾದ ಮೇಲೊಂದರಂತೆ ಸರದಿಯಲ್ಲಿ ಓಡಿಸಬೇಕು. ಇಲ್ಲದಿದ್ದರೆ ಮೊದಲನೆಯದು ತಂಪಿನ ಲಾಭ ಪಡೆಯುತ್ತದೆ, ಎರಡನೆಯದು ಬಿಸಿಯ ಪೆಟ್ಟು ತಿನ್ನುತ್ತದೆ. ಕೊನೆಗೆ ಸರಾಸರಿಯ ಬದಲು ನಡುವಿನ ಅಂಕಿಯನ್ನು ತೆಗೆದುಕೊಳ್ಳುತ್ತೇನೆ. ನಡುವೆ ಎಲ್ಲೋ ಅಪ್‌ಡೇಟ್ ಶುರುವಾಗಿ ಒಂದು ಓಟ ಕೆಟ್ಟರೂ ಅದರಿಂದ ಲೆಕ್ಕ ಕೆಡುವುದಿಲ್ಲ. ನೂರಕ್ಕೆ ಒಂದರಷ್ಟು ವ್ಯತ್ಯಾಸವನ್ನು ಮೂರು ಓಟಗಳಿಂದ ಸಾಧಿಸಿ ತೋರಿಸುತ್ತೇನೆ ಎನ್ನುವವರನ್ನು ನಂಬಬೇಡಿ.

ಇಂಟೆಲ್‌ನ 12ನೆಯ ಪೀಳಿಗೆಯಿಂದ ಈಚಿನ ಯಂತ್ರಗಳಿರುವವರು ಇನ್ನೊಂದನ್ನು ನೋಡಬೇಕು. ಅವುಗಳಲ್ಲಿ ಹಲವುಗಳಲ್ಲಿ ದೊಡ್ಡ ಕೋರ್‌ಗಳೂ ಚಿಕ್ಕ ಕೋರ್‌ಗಳೂ ಬೆರೆತಿವೆ. ಒಂದು ಥ್ರೆಡ್‌ನ ಬೆಂಚ್ ಯಾವ ಕೋರಿಗೆ ಬಿದ್ದಿತು ಎಂಬುದರ ಮೇಲೆ ಉತ್ತರವೇ ಬದಲಾಗುವುದರಿಂದ, ‘ಟಾಸ್ಕ್‌ಸೆಟ್’ ಬಳಸಿ ದೊಡ್ಡ ಕೋರಿಗೆ ಕಟ್ಟಿಹಾಕಿ ಅಳೆಯಬೇಕು.

ಪೇದೆ64 (ಧಾರವಾಡ)

ಬಿಸಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪೈ 4 ತನ್ನ ತಾಪ 80 ಡಿಗ್ರಿ ದಾಟಿದ ಕೂಡಲೇ ಗಡಿಯಾರದ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಕೋಣೆಯೇ ಕಾದಿರುತ್ತದೆ. ನಾಲ್ಕು ಥ್ರೆಡ್ ಹಾಕಿ ಓಡಿಸಿದರೆ ಆ ಮಿತಿ ತಲುಪಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದೇ ಪೈ ಬೆಳಗಿನ ಜಾವ ಕಿಟಕಿಯ ಪಕ್ಕದಲ್ಲಿ ಬೇರೆ ಯಂತ್ರದಂತೆ ವರ್ತಿಸುತ್ತದೆ. ಇನ್ನೊಂದು ಟರ್ಮಿನಲ್ ತೆರೆದು ‘ವಿಸಿಜೆನ್‌ಸಿಎಂಡಿ’ಯಿಂದ ತಾಪವನ್ನು ನೋಡುತ್ತಲೇ ಬೆಂಚ್ ಓಡಿಸುವುದು ಈಗ ನನ್ನ ಅಭ್ಯಾಸ. ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿ ಕ್ಲ್ಯಾಂಗ್‌ನಿಂದ ಕಂಪೈಲ್ ಮಾಡಿದಾಗಲೂ ಇದೇ ಅನುಭವ: ಮೊದಲ ಓಟ ಬೆರಗುಗೊಳಿಸುತ್ತದೆ, ಐದನೆಯದರ ಹೊತ್ತಿಗೆ ಫೋನ್ ಕೈಯಲ್ಲಿ ಹಿಡಿಯಲಾಗುವುದಿಲ್ಲ.

ಒಂಟೆಸವಾರ (ಮಂಗಳೂರು)

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಮಾಹಿತಿಯಲ್ಲಿ ತಪ್ಪಿಲ್ಲ, ಆದರೆ ಸೆಕೆಂಡಿಗೆ ಎಷ್ಟು ನೋಡ್ ಎಂಬ ಒಂದು ಸಂಖ್ಯೆಗೆ ನಾವೆಲ್ಲ ಕೊಡುತ್ತಿರುವ ಗೌರವ ಅತಿಯಾಯಿತೆಂದು ನನಗನಿಸುತ್ತದೆ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್ ಸೆಕೆಂಡಿಗೆ 20 ಕೋಟಿ ಸ್ಥಿತಿಗಳವರೆಗೆ ನೋಡುತ್ತಿತ್ತು. ಕರಿಕುದುರೆ ಅವರ ಪೆಂಟಿಯಮ್ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ, ಆದರೆ ಇಂದಿನ ಸ್ಟಾಕ್‌ಫಿಶ್ ಓಡಿಸಿದರೆ ಅದು ಡೀಪ್ ಬ್ಲೂಗಿಂತ ಬಹಳ ಚೆನ್ನಾಗಿ ಆಡುತ್ತದೆ. 2017ರ ಡಿಸೆಂಬರಿನಲ್ಲಿ ಆಲ್ಫಾಝೀರೋ ಎಂಬ ನರಜಾಲದ ಎಂಜಿನ್ ನೂರು ಆಟಗಳಲ್ಲಿ 28 ಗೆದ್ದು 72 ಸಮ ಮಾಡಿಕೊಂಡಾಗ ಅದು ನೋಡುತ್ತಿದ್ದುದು ಸೆಕೆಂಡಿಗೆ 80 ಸಾವಿರ ಸ್ಥಿತಿಗಳನ್ನು, ಎದುರಿಗಿದ್ದ ಸ್ಟಾಕ್‌ಫಿಶ್ 8 ನೋಡುತ್ತಿದ್ದುದು 7 ಕೋಟಿಯನ್ನು. ಆ ಪಂದ್ಯದಲ್ಲಿ 64 ಥ್ರೆಡ್‌ಗಳಿಗೆ ಬರಿಯ 1 ಜಿಬಿ ಹ್ಯಾಶ್ ಕೊಟ್ಟಿದ್ದರೆಂಬ ಆಕ್ಷೇಪ ಎದ್ದದ್ದನ್ನೂ ಮರೆಯಬಾರದು. ನೋಡ್ ಎಂದರೇನು ಎಂಬುದನ್ನೇ ಒಂದೊಂದು ಎಂಜಿನ್ ಒಂದೊಂದು ರೀತಿ ಎಣಿಸುವಾಗ, ಸ್ಟಾಕ್‌ಫಿಶ್‌ನ ಲಕ್ಷಗಳನ್ನು ಲೀಲಾ ಎಂಬ ಇನ್ನೊಂದು ಎಂಜಿನ್‌ನ ಸಾವಿರಗಳೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಹಲವು ಥ್ರೆಡ್‌ಗಳ ಲೆಕ್ಕವೂ ಹಾಗೆಯೇ. ಸ್ಟಾಕ್‌ಫಿಶ್‌ನಲ್ಲಿ ಎಲ್ಲ ಥ್ರೆಡ್‌ಗಳೂ ಒಂದೇ ಮರವನ್ನು ಬೇರೆ ಬೇರೆಯಾಗಿ ಹುಡುಕುತ್ತ ಹ್ಯಾಶ್ ಕೋಷ್ಟಕದ ಮೂಲಕ ಮಾತ್ರ ಒಂದರ ಕೆಲಸ ಇನ್ನೊಂದಕ್ಕೆ ದಾಟಿಸುತ್ತವೆ. ಎಂಟು ಥ್ರೆಡ್ ಹಾಕಿದರೆ ನೋಡ್‌ಗಳ ಸಂಖ್ಯೆ ಚೆನ್ನಾಗಿ ಏರುತ್ತದೆ, ಆದರೆ ಅವುಗಳಲ್ಲಿ ಒಂದಷ್ಟು ಪುನರಾವರ್ತನೆಯ ಕೆಲಸ. ಹಾಗಿರುವಾಗ ಈ ಬೆಂಚ್ ಯಾರ ಉಪಯೋಗಕ್ಕೆ?

ಬಿಳಿಮಂತ್ರಿ (ಮ್ಯೂನಿಕ್)

ಒಂಟೆಸವಾರ ಅವರೇ, ಬೇರೆ ಬೇರೆ ಎಂಜಿನ್‌ಗಳನ್ನು ಹೋಲಿಸಲು ಬೆಂಚ್ ಸಲ್ಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದೇ ಎಂಜಿನ್, ಒಂದೇ ರುಜು, ಒಂದೇ ಥ್ರೆಡ್ ಎಂದಾದಾಗ ಹುಡುಕುವ ಮರ ಒಂದೇ. ಅಲ್ಲಿ ವೇಗ ಬಿಟ್ಟು ಬದಲಾಗುವುದು ಬೇರೇನೂ ಇಲ್ಲ. ಸ್ಟಾಕ್‌ಫಿಶ್‌ನ ತಿದ್ದುಪಡಿಗಳನ್ನು ಆಟ ಆಡಿಸಿ ಪರೀಕ್ಷಿಸುವ ಫಿಶ್‌ಟೆಸ್ಟ್ ನಡೆಯುವುದೂ ಈ ನಂಬಿಕೆಯ ಮೇಲೆಯೇ. ಗ್ಯಾರಿ ಲಿನ್‌ಸ್ಕಾಟ್ 2013ರಲ್ಲಿ ಶುರು ಮಾಡಿದ ಆ ವ್ಯವಸ್ಥೆಯಲ್ಲಿ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ತಮ್ಮ ಯಂತ್ರದ ಬಿಡುವಿನ ಸಮಯವನ್ನು ಕೊಡುತ್ತಾರೆ. ಪ್ರತಿ ಯಂತ್ರವೂ ಎಂಜಿನ್ ಕಂಪೈಲ್ ಮಾಡಿದ ಮೇಲೆ ಮೊದಲು ಬೆಂಚ್ ಓಡಿಸಿ ರುಜು ಹೊಂದುತ್ತದೆಯೇ ಎಂದು ನೋಡುತ್ತದೆ. ಆಮೇಲೆ ಅದರ ವೇಗಕ್ಕೆ ತಕ್ಕಂತೆ ಆಟದ ಸಮಯವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. 10 ಸೆಕೆಂಡು ಮತ್ತು ನಡೆಗೆ 0.1 ಸೆಕೆಂಡಿನ ಆಟ ಎಂದು ಹೇಳಿದರೂ ನಿಧಾನದ ಯಂತ್ರಕ್ಕೆ ಹೆಚ್ಚು ಸಿಗುತ್ತದೆ. ಹಾಗಾಗಿ ಹಳೆಯ ಯಂತ್ರದ ಫಲಿತಾಂಶವನ್ನೂ ಹೊಸದರದಕ್ಕೆ ಸೇರಿಸಿ ಎಣಿಸಬಹುದು.

ಚದುರಂಗದ ಎಂಜಿನ್ನಿಂದ ಪ್ರೊಸೆಸರನ್ನು ಅಳೆಯುವುದೂ ಹೊಸದಲ್ಲ. ಕಂಪ್ಯೂಟರ್‌ಗಳ ವೇಗ ಅಳೆಯುವ ಸ್ಪೆಕ್ ಸಂಸ್ಥೆಯ ಸಿಪಿಯು2000 ಪರೀಕ್ಷಾ ಸಮೂಹದಲ್ಲಿ ಕ್ರಾಫ್ಟಿ ಎಂಬ ಎಂಜಿನ್ ಇತ್ತು, 2006ರದರಲ್ಲಿ ಸ್ಯೆಂಗ್ ಇತ್ತು, 2017ರದರಲ್ಲಿ ಡೀಪ್ ಸ್ಯೆಂಗ್ ಇದೆ.

ಬೆಂಚ್‌ನ ನಿಜವಾದ ಕೊರತೆ ಬೇರೆ. 16 ಎಂಬಿ ಹ್ಯಾಶ್‌ನಲ್ಲಿ ಒಂದೊಂದು ಸ್ಥಿತಿಗೆ ಕ್ಷಣಹೊತ್ತು ಕೊಟ್ಟು ಅಳೆದರೆ ಮೆಮೊರಿಯ ನಿಧಾನ ಕಾಣುವುದೇ ಇಲ್ಲ. ರಾತ್ರಿಯಿಡೀ 4 ಜಿಬಿ ಹ್ಯಾಶ್ ಇಟ್ಟು ಓಡಿಸುವಾಗ ಪ್ರತಿ ನೋಡ್‌ಗೂ ಮೆಮೊರಿಯ ಯಾವುದೋ ಮೂಲೆಗೆ ಹೋಗಿ ಬರಬೇಕು. ಮೆಮೊರಿಯನ್ನು ದೊಡ್ಡ ತುಂಡುಗಳಲ್ಲಿ (‘ದೊಡ್ಡ ಪುಟ’ಗಳಲ್ಲಿ) ಪಡೆದರೆ ಈ ಓಡಾಟ ಹಗುರಾಗುತ್ತದೆ. ಲಿನಕ್ಸ್‌ನಲ್ಲಿ ಸ್ಟಾಕ್‌ಫಿಶ್ ಅವನ್ನು ತಾನೇ ಕೇಳಿ ಪಡೆಯುತ್ತದೆ. ವಿಂಡೋಸ್‌ನಲ್ಲಿ ಬಳಕೆದಾರರಿಗೆ ‘ಲಾಕ್ ಪೇಜಸ್ ಇನ್ ಮೆಮೊರಿ’ ಎಂಬ ಹಕ್ಕನ್ನು ಕೊಡದ ಹೊರತು ಅದು ಸಿಗುವುದಿಲ್ಲ. ಆ ಹಕ್ಕು ಕೊಟ್ಟ ಮೇಲೆ ನನ್ನ ಕಚೇರಿಯ ಯಂತ್ರದಲ್ಲಿ ವ್ಯತ್ಯಾಸ ಎದ್ದು ಕಂಡಿತು. ಸ್ಟಾಕ್‌ಫಿಶ್ 17.1ರಲ್ಲಿ ‘ಸ್ಪೀಡ್‌ಟೆಸ್ಟ್’ ಎಂಬ ಹೊಸ ಆದೇಶ ಸೇರಿದೆ. ಅದು ಎಲ್ಲ ಥ್ರೆಡ್‌ಗಳನ್ನೂ ಬಳಸಿ ನಿಜವಾದ ಆಟ ನಡೆದಂತೆಯೇ ಸ್ಥಿತಿಗಳನ್ನು ಒಂದಾದ ಮೇಲೊಂದರಂತೆ ಹುಡುಕುವುದರಿಂದ, ಇಡೀ ಯಂತ್ರವನ್ನು ಅಳೆಯಲು ಅದೇ ಮೇಲು.

ಒಂಟೆಸವಾರ (ಮಂಗಳೂರು)

ಫಿಶ್‌ಟೆಸ್ಟ್‌ನ ಉದಾಹರಣೆಯನ್ನು ಒಪ್ಪಿದೆ. ಆದರೂ ಕರಿಕುದುರೆ ಅವರಿಗೆ ಬೇಕಿರುವುದು ವಿಶ್ಲೇಷಣೆ, ಓಟದ ಪಂದ್ಯವಲ್ಲ. ಮಕ್ಕಳ ಆಟದಲ್ಲಿ ಮಂತ್ರಿಯನ್ನು ಬಿಟ್ಟುಕೊಟ್ಟದ್ದನ್ನು ಹಿಡಿಯಲು ಯಾವ ಯಂತ್ರವಾದರೂ ಸಾಕು. ಒಂದು ಸಲಹೆ: ನಡೆಗೆ ಇಷ್ಟು ಸೆಕೆಂಡು ಎಂದು ಕೊಡುವ ಬದಲು ನಡೆಗೆ ಹತ್ತು ಲಕ್ಷ ನೋಡ್ ಎಂದು ಕೊಡಿ. ಒಂದೇ ಥ್ರೆಡ್ ಇಟ್ಟು, ಪ್ರತಿ ಆಟದ ಮೊದಲು ಹ್ಯಾಶ್ ಖಾಲಿ ಮಾಡಿದರೆ ಮೂರೂ ಯಂತ್ರಗಳು ಅಕ್ಷರಶಃ ಒಂದೇ ಉತ್ತರ ಕೊಡಬೇಕು. ವ್ಯತ್ಯಾಸವೆಲ್ಲ ಮುಗಿಯುವ ಹೊತ್ತಿನಲ್ಲಿ ಮಾತ್ರ. ಆಟಗಳನ್ನು ಮೂರಕ್ಕೂ ಹಂಚಿ ಹಾಕಬಹುದು, ಯಾವ ಮಗುವಿನ ಆಟ ಯಾವ ಯಂತ್ರಕ್ಕೆ ಹೋಯಿತೆಂದು ಯೋಚಿಸಬೇಕಿಲ್ಲ.

ಆನೆಬಲ (ಬೆಂಗಳೂರು)

ಒಳ್ಳೆಯ ಸಲಹೆ. ಹಂಚುವ ಮೊದಲು ಒಂದು ರಾತ್ರಿ ಮೂರರಲ್ಲೂ ಅದೇ ಆಟಗಳನ್ನು ಓಡಿಸಿ, ಬಂದ ಕಡತಗಳನ್ನು ವ್ಯತ್ಯಾಸ ತೋರಿಸುವ ‘ಡಿಫ್’ ಆದೇಶಕ್ಕೆ ಕೊಟ್ಟು ನೋಡಿ. ಅದಕ್ಕೂ ಮೊದಲು ‘ಗೋ ಪರ್ಫ್ಟ್ 6’ ಎಂದು ಆರಂಭದ ಸ್ಥಿತಿಯಿಂದ ಒಮ್ಮೆ ಎಣಿಸಿ ನೋಡಬಹುದು: 11,90,60,324 ಬರಬೇಕು. ನರಜಾಲದ ಗೊಡವೆಯಿಲ್ಲದೆ ನಡೆಗಳನ್ನು ಹುಟ್ಟಿಸುವ ಭಾಗವನ್ನು ಮಾತ್ರ ಅದು ಪರೀಕ್ಷಿಸುತ್ತದೆ, ಯಾವ ಎಂಜಿನ್‌ನಲ್ಲಾದರೂ ಉತ್ತರ ಇದೇ.

ಕರಿಕುದುರೆ (ಹಾಸನ)

ಎಲ್ಲರಿಗೂ ಧನ್ಯವಾದಗಳು. ಪರ್ಫ್ಟ್ ಮೂರರಲ್ಲೂ ಸರಿಯಾಗಿ ಬಂದಿತು. ಭಾನುವಾರದ ಹನ್ನೊಂದು ಆಟಗಳನ್ನು ರಾತ್ರಿ ಮೂರೂ ಯಂತ್ರಗಳಿಗೆ ಕೊಟ್ಟು ಮಲಗಿದೆ. ಬೆಳಿಗ್ಗೆ ಏಳುವ ಹೊತ್ತಿಗೆ ಡೆಸ್ಕ್‌ಟಾಪೂ ಲ್ಯಾಪ್‌ಟಾಪೂ ಮುಗಿಸಿ ಕುಳಿತಿದ್ದವು, ಪೆಂಟಿಯಮ್ ತಿಂಡಿಯ ಹೊತ್ತಿಗೆ ಮುಗಿಸಿತು. ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪಿನ ಕಡತಗಳಲ್ಲಿ ಡಿಫ್ ಒಂದು ಅಕ್ಷರದ ವ್ಯತ್ಯಾಸವನ್ನೂ ತೋರಿಸಲಿಲ್ಲ. ಪೆಂಟಿಯಮ್‌ನದರಲ್ಲಿ ಮಾತ್ರ ಮೂರನೆಯ ಆಟದ ನಡುವಿನಿಂದ ಸಾಲುಗಳು ಬೇರೆಯಾಗಿವೆ. ಒಂದು ಕಡೆ ಕುದುರೆಯ ನಡೆಯ ಬದಲು ಒಂಟೆಯ ನಡೆಯನ್ನು ಹೇಳಿದೆ. ರುಜು ಹೊಂದಿದ ಮೇಲೂ ಹೀಗೇಕೆ?

ಬಿಳಿಮಂತ್ರಿ (ಮ್ಯೂನಿಕ್)

ಮೂರರಲ್ಲೂ ಹ್ಯಾಶ್ ಗಾತ್ರ ಒಂದೇ ಇಟ್ಟಿದ್ದೀರಾ?

ಕರಿಕುದುರೆ (ಹಾಸನ)

ಇಲ್ಲ ಮೇಡಂ. ಪೆಂಟಿಯಮ್‌ನಲ್ಲಿ ಮೆಮೊರಿ 4 ಜಿಬಿ ಮಾತ್ರ ಇರುವುದರಿಂದ ಅಲ್ಲಿ 64 ಎಂಬಿ, ಉಳಿದೆರಡರಲ್ಲಿ 1024 ಇಟ್ಟಿದ್ದೆ. ಕೋಷ್ಟಕ ಚಿಕ್ಕದಾದರೆ ಹಳೆಯ ನಮೂದುಗಳು ಬೇಗ ಅಳಿದು ಹುಡುಕಾಟದ ಹಾದಿಯೇ ಬದಲಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಮೂರರಲ್ಲೂ 256 ಎಂಬಿ ಇಟ್ಟು ನಿನ್ನೆ ರಾತ್ರಿ ಮತ್ತೆ ಓಡಿಸಿದೆ. ಈಗ ಯಾವ ಎರಡು ಕಡತಗಳನ್ನು ಕೊಟ್ಟರೂ ಡಿಫ್ ಏನನ್ನೂ ಮುದ್ರಿಸದೆ ಸುಮ್ಮನೆ ಮುಂದಿನ ಸಾಲಿಗೆ ಬರುತ್ತಿದೆ.